ಬೆಟ್ಟಗಳ ದ್ವೀಪರಾಷ್ಟ್ರ ಜಪಾನ್: ನೆಲ, ಹವೆ ಮತ್ತು ಬೇಸಾಯ

ಭತ್ತ ಬೆಳೆಯುವ ನಮ್ಮ ಹಿರಿಯ ರೈತರಲ್ಲಿ ‘ಜಪಾನ್ ಪದ್ಧತಿ’ ಎಂಬ ಮಾತನ್ನು ಕೇಳದವರು ವಿರಳ. 1953ರಲ್ಲಿ ನಮ್ಮ ದೇಶದಾದ್ಯಂತ ಈ ಪದ್ಧತಿಯ ಪ್ರಚಾರವನ್ನು ಕೈಗೊಳ್ಳಲಾಯಿತು. ಆರಿಸಿದ ಬೀಜ, ಏರುಮಡಿಯ ಒಟ್ಟಲು, ಹಗ್ಗ ಹಿಡಿದು ಸಾಲು ನಾಟಿ, ಸಾಲುಗಳ ನಡುವೆ ತಳ್ಳುವ ಕಳೆಯಂತ್ರ, ಧಾರಾಳವಾದ ಗೊಬ್ಬರ - ಇವು ಅದರ ಮುಖ್ಯ ಅಂಗಗಳಾಗಿದ್ದವು. ಕೆಲವರ ಗದ್ದೆಯಲ್ಲಿ ಇಳುವರಿ ಏರಿತು. ಇನ್ನು ಕೆಲವರ ಗದ್ದೆಯಲ್ಲಿ ಪೈರು ಸೊಕ್ಕಿ ಎತ್ತರಕ್ಕೆ ಬೆಳೆದು, ಕಾಳು ಬಲಿಯುವ ಮೊದಲೇ ಮಗುಚಿ ಬಿತ್ತು.

ಪದ್ಧತಿ ಒಂದೇ, ಫಲ ಮಾತ್ರ ಎರಡು ಬಗೆ. ಹೀಗೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಗದ್ದೆಯಲ್ಲಿ ಮಾತ್ರ ಸಿಕ್ಕುವುದಿಲ್ಲ. ಆ ಪದ್ಧತಿ ಹುಟ್ಟಿದ ನಾಡಿನ ನೆಲ ಎಂತಹದು, ಅಲ್ಲಿ ಮಳೆ ಯಾವಾಗ ಬರುತ್ತದೆ, ಬಿಸಿಲು ಎಷ್ಟು, ಚಳಿ ಎಷ್ಟು ಎಂಬುದನ್ನು ತಿಳಿದರೆ ಉತ್ತರ ತಾನಾಗಿ ದೊರೆಯುತ್ತದೆ. ಬೆಟ್ಟಗುಡ್ಡಗಳೇ ತುಂಬಿರುವ ಆ ದ್ವೀಪರಾಷ್ಟ್ರದ ಪರಿಚಯವನ್ನು ರೈತ ಬಾಂಧವರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ. ನಮ್ಮ ಮಲೆನಾಡು, ಕೊಡಗು, ಕರಾವಳಿಯ ರೈತರಿಗೆ ಇದರಲ್ಲಿ ತಮ್ಮ ನೆಲದ ನೆರಳೂ ಕಾಣಬಹುದು.

ನೆಲದ ರೂಪ

ಏಷ್ಯಾ ಖಂಡದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಅಂಚಿನಲ್ಲಿ, ಬಿಲ್ಲಿನಂತೆ ಬಾಗಿ ಸುಮಾರು 3,000 ಕಿ.ಮೀ. ಉದ್ದಕ್ಕೆ ಹರಡಿರುವ ದ್ವೀಪಗಳ ಸಾಲೇ ಜಪಾನ್. ಉತ್ತರದಿಂದ ದಕ್ಷಿಣಕ್ಕೆ ಹೊಕ್ಕೈಡೊ, ಹೊನ್ಶು, ಶಿಕೊಕು, ಕ್ಯೂಶು ಎಂಬ ನಾಲ್ಕು ದೊಡ್ಡ ದ್ವೀಪಗಳಿವೆ. 2023ರಲ್ಲಿ ಹೊಸದಾಗಿ ಎಣಿಸಿದಾಗ ಒಟ್ಟು ದ್ವೀಪಗಳ ಸಂಖ್ಯೆ 14,125 ಎಂದು ಲೆಕ್ಕಕ್ಕೆ ಬಂದಿತು. ದೇಶದ ಯಾವ ಊರೂ ಕಡಲಿನಿಂದ 120 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿಲ್ಲ.

ದೇಶದ ವಿಸ್ತೀರ್ಣ ಸುಮಾರು 3,78,000 ಚದರ ಕಿ.ಮೀ.; ಅಂದರೆ ಕರ್ನಾಟಕದ ಹೆಚ್ಚುಕಡಮೆ ಎರಡರಷ್ಟು. ಜನಸಂಖ್ಯೆಯೂ ನಮ್ಮ ರಾಜ್ಯದ ಸುಮಾರು ಎರಡರಷ್ಟೇ. ಆದರೆ ಸಾಗುವಳಿ ಭೂಮಿಯ ಲೆಕ್ಕ ಬೇರೆ. ನಮ್ಮ ರಾಜ್ಯದಲ್ಲಿ ಒಂದು ಕೋಟಿ ಹೆಕ್ಟೇರಿನಷ್ಟು ಭೂಮಿಯಲ್ಲಿ ಬಿತ್ತನೆ ನಡೆಯುತ್ತದೆ. ನಮ್ಮ ಎರಡರಷ್ಟು ದೊಡ್ಡದಾದ ಜಪಾನಿನಲ್ಲಿ ಇರುವ ಸಾಗುವಳಿ ಭೂಮಿ ಕೇವಲ 43 ಲಕ್ಷ ಹೆಕ್ಟೇರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭತ್ತದ ಗದ್ದೆ.

ಉಳಿದ ಭೂಮಿ ಏನಾಯಿತು? ಉಳಿದುದೆಲ್ಲ ಬೆಟ್ಟ. ನೆಲದ ನಾಲ್ಕರಲ್ಲಿ ಮೂರು ಭಾಗ ಬೆಟ್ಟಗುಡ್ಡ. ಮೂರರಲ್ಲಿ ಎರಡು ಭಾಗ ಕಾಡು. ನಡುವೆ ಬೆನ್ನೆಲುಬಿನಂತೆ ಪರ್ವತಸಾಲು, ಅದರ ಎರಡು ಮಗ್ಗುಲಲ್ಲಿ ಕಡಲಿನವರೆಗೆ ಚಾಚಿದ ಕಿರಿದಾದ ಬಯಲು. ಅತ್ಯಂತ ಎತ್ತರದ ಫ್ಯೂಜಿ ಶಿಖರ 3,776 ಮೀಟರ್. ಇರುವ ಅಲ್ಪ ಬಯಲಿನಲ್ಲಿಯೇ ಗದ್ದೆ, ಊರು, ಕಾರ್ಖಾನೆ, ರೈಲುದಾರಿ ಎಲ್ಲವೂ ಸೇರಿಕೊಳ್ಳಬೇಕು. ಆದ್ದರಿಂದ ಗದ್ದೆ ಬೆಟ್ಟ ಹತ್ತಿತು. ತುಂಡು ಭೂಮಿಯಲ್ಲಿ ಹೆಚ್ಚು ಬೆಳೆಯುವುದು ಅನಿವಾರ್ಯವಾಯಿತು. ಒಂದೊಂದು ಸಸಿಯನ್ನೂ ಎಣಿಸಿ ಸಾಲಿನಲ್ಲಿ ನೆಡುವ ಶ್ರದ್ಧೆಗೆ ಈ ಇಕ್ಕಟ್ಟೇ ಮೂಲ.

ಬೆಂಕಿಯ ಬೆಟ್ಟ, ಬೂದಿಯ ಮಣ್ಣು

ಭೂಮಿಯ ಹೊರಚಿಪ್ಪಿನ ನಾಲ್ಕು ಫಲಕಗಳು ಜಪಾನಿನ ಆಸುಪಾಸಿನಲ್ಲಿ ಒಂದನ್ನೊಂದು ಒತ್ತುತ್ತಿವೆ. ಒಂದರ ಅಡಿಗೆ ಇನ್ನೊಂದು ನುಸುಳುವಾಗ ನೆಲ ನಡುಗುತ್ತದೆ. ಆಳದಲ್ಲಿ ಕರಗಿದ ಶಿಲೆ ಜ್ವಾಲಾಮುಖಿಯಾಗಿ ಮೇಲೇಳುತ್ತದೆ. ಈಗ ಅಲ್ಲಿ 111 ಸಕ್ರಿಯ ಜ್ವಾಲಾಮುಖಿಗಳನ್ನು ಗುರುತಿಸಿದ್ದಾರೆ.

ಬೇಸಾಯಗಾರನಿಗೆ ಇದರಿಂದ ಆದ ಪರಿಣಾಮ ಮಣ್ಣಿನಲ್ಲಿ ಕಾಣುತ್ತದೆ. ಸಾವಿರಾರು ವರ್ಷ ಬಿದ್ದ ಬೂದಿ, ಅದರ ಮೇಲೆ ಕೊಳೆತ ಹುಲ್ಲು ಸೇರಿ ಕಪ್ಪಗೆ, ಹಗುರವಾಗಿ, ಹಿಟ್ಟಿನಂತಿರುವ ಮಣ್ಣಾಯಿತು. ಅದನ್ನು ಅಲ್ಲಿ ‘ಕುರೊಬೊಕು’ ಎನ್ನುತ್ತಾರೆ. ಮಳೆಯಾಶ್ರಿತ ಹೊಲಗಳಲ್ಲಿ ಅರ್ಧದಷ್ಟು ಈ ಮಣ್ಣಿನವು. ನೋಡಲು ನಮ್ಮ ಎರೆಮಣ್ಣಿನಂತೆ ಕಪ್ಪು. ಗುಣ ಮಾತ್ರ ತೀರ ಬೇರೆ. ಎರೆಯಂತೆ ಅಂಟುವುದಿಲ್ಲ, ಬಿರುಕು ಬಿಡುವುದಿಲ್ಲ. ಸಾವಯವ ಅಂಶ ಹೇರಳ. ಆದರೂ ಬಹುಕಾಲ ಅದು ಬಡಭೂಮಿ ಎನಿಸಿಕೊಂಡಿತ್ತು.

ಕಾರಣವಿಷ್ಟೆ: ಆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ, ಹಾಕಿದ ರಂಜಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಗೊಬ್ಬರ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ಸುಣ್ಣ, ಕೊಳೆತ ಗೊಬ್ಬರ ಮತ್ತು ಹೆಚ್ಚಿನ ಪ್ರಮಾಣದ ರಂಜಕ - ಈ ಮೂರನ್ನೂ ಒಟ್ಟಿಗೆ ಕೊಟ್ಟು ಅದೇ ಭೂಮಿಯನ್ನು ತರಕಾರಿಯ ಕಣಜವನ್ನಾಗಿ ಮಾಡಿಕೊಂಡರು. ನಮ್ಮ ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಇದೇ ತೊಂದರೆ ಇದೆ. ಅಲ್ಲಿ ಬೂದಿಯಿಂದ ಬಂದ ಗುಣ, ಇಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಂಡದ್ದರಿಂದ ಬಂದಿದೆ. ಹುಳಿ ಮಣ್ಣಿಗೆ ಸುಣ್ಣ ಕೊಡದೆ ರಂಜಕ ಮಾತ್ರ ಎರಚುವವರು ತಮ್ಮ ಹಣದ ಬಹುಪಾಲನ್ನು ಮಣ್ಣಿನಲ್ಲಿ ಹೂಳುತ್ತಾರೆಂದೇ ಹೇಳಬೇಕು.

ದಕ್ಷಿಣದ ಕಾಗೊಶಿಮಾ ಪ್ರಾಂತದಲ್ಲಿ ಇನ್ನೊಂದು ಬಗೆ. ಸುಮಾರು 30,000 ವರ್ಷಗಳ ಹಿಂದೆ ಒಂದು ಮಹಾಸ್ಫೋಟದಿಂದ ಹೊರಬಂದ ಬಿಳಿಯ ಬೂದಿ, ನೊರೆಗಲ್ಲು ಅಲ್ಲಿ ಪ್ರಸ್ಥಭೂಮಿಯಾಗಿ ನಿಂತಿದೆ. ನೀರು ಸುರಿದಷ್ಟೂ ಇಂಗಿಹೋಗುತ್ತದೆ. ಗದ್ದೆ ಕಟ್ಟಲು ಬರುವುದಿಲ್ಲ. ಆ ರೈತರು ಭತ್ತಕ್ಕಾಗಿ ಹಠ ಹಿಡಿಯಲಿಲ್ಲ. ನೀರು ಬಸಿಯುವ ಸಡಿಲ ಮಣ್ಣಿಗೆ ಹೇಳಿ ಮಾಡಿಸಿದ ಗೆಣಸನ್ನು ಹಿಡಿದರು. ಇಂದಿಗೂ ಆ ಪ್ರಾಂತ ಗೆಣಸಿಗೆ ಹೆಸರುವಾಸಿ.

ಎರಡು ಗಾಳಿ, ಎರಡು ಪ್ರವಾಹ

ನಮ್ಮಂತೆಯೇ ಜಪಾನೂ ಮಾನ್ಸೂನ್ ನಾಡು. ಆದರೆ ಅಲ್ಲಿ ಎರಡೂ ಮಾರುತಗಳು ತೇವ ಹೊತ್ತು ತರುತ್ತವೆ. ಬೇಸಿಗೆಯಲ್ಲಿ ಪೆಸಿಫಿಕ್ ಕಡೆಯಿಂದ ಬಿಸಿಯಾದ ತೇವದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಟ ಒಣ ಶೀತಗಾಳಿ, ಜಪಾನ್ ಸಮುದ್ರವನ್ನು ದಾಟುವಾಗ ಆವಿಯನ್ನು ಹೀರಿಕೊಂಡು, ನಡುಬೆಟ್ಟಗಳಿಗೆ ಬಡಿದು ಹಿಮ ಸುರಿಸುತ್ತದೆ. ಪಶ್ಚಿಮ ಕರಾವಳಿಯ ತಕಾದಾ ಎಂಬ ಊರಿನಲ್ಲಿ 1945ರ ಫೆಬ್ರುವರಿಯಲ್ಲಿ 3.77 ಮೀಟರ್ ಹಿಮ ನಿಂತಿತ್ತು. ಅಂದರೆ ಇಬ್ಬರು ಆಳು ಒಬ್ಬರ ಮೇಲೊಬ್ಬರು ನಿಂತರೂ ಕಾಣದಷ್ಟು. ಅದೇ ದಿನಗಳಲ್ಲಿ ಬೆಟ್ಟದ ಈಚೆಗಿರುವ ಟೋಕಿಯೊ ಬಯಲಿನಲ್ಲಿ ತಿಳಿಬಿಸಿಲು, ಒಣಹವೆ ಇರುವುದು ಸಾಮಾನ್ಯ. ಘಟ್ಟದ ಪಡುವಣಕ್ಕೆ ಆಗುಂಬೆ, ಮೂಡಣಕ್ಕೆ ಚಿತ್ರದುರ್ಗ ಇರುವಂತೆಯೇ ಇದು. ಮಳೆಯ ಬದಲು ಹಿಮ, ಅಷ್ಟೆ.

ಈ ಹಿಮ ರೈತನಿಗೆ ಶಾಪವೂ ಹೌದು, ವರವೂ ಹೌದು. ನಾಲ್ಕೈದು ತಿಂಗಳು ಹೊಲ ಮುಚ್ಚಿಹೋಗುತ್ತದೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಅದೇ ಹಿಮ ನಿಧಾನವಾಗಿ ಕರಗಿ, ಕೆಸರು ಉಳುಮೆಗೆ ಸರಿಯಾದ ಹೊತ್ತಿಗೆ ಕಾಲುವೆಗೆ ಇಳಿಯುತ್ತದೆ. ಬೆಟ್ಟದ ಮೇಲಿನ ಹಿಮವೇ ಅವರ ದೊಡ್ಡ ಕೆರೆ. ಭತ್ತಕ್ಕೆ ಪ್ರಸಿದ್ಧವಾದ ನೀಗಾಟ ಪ್ರಾಂತ ಹಿಮ ಹೆಚ್ಚು ಬೀಳುವ ಪಶ್ಚಿಮ ಕರಾವಳಿಯಲ್ಲಿರುವುದು ಸುಮ್ಮನೆ ಅಲ್ಲ.

ಕಡಲಿನಲ್ಲಿಯೂ ಎರಡು ಪ್ರವಾಹಗಳಿವೆ. ದಕ್ಷಿಣದಿಂದ ‘ಕುರೊಶಿಯೊ’ ಎಂಬ ಬಿಸಿನೀರಿನ ಪ್ರವಾಹ, ಉತ್ತರದಿಂದ ‘ಒಯಾಶಿಯೊ’ ಎಂಬ ತಣ್ಣೀರಿನ ಪ್ರವಾಹ ಬಂದು ಹೊನ್ಶುವಿನ ಪೂರ್ವಕ್ಕೆ ಸಂಧಿಸುತ್ತವೆ. ಹೀಗಾಗಿ ದಕ್ಷಿಣ ತುದಿಯಲ್ಲಿ ಕಬ್ಬು, ಅನಾನಸ್. ಕ್ಯೂಶು, ಶಿಕೊಕುಗಳಲ್ಲಿ ಕಿತ್ತಳೆ ಜಾತಿಯ ಹಣ್ಣು, ಚಹಾ. ಉತ್ತರದ ಅಓಮೊರಿಯಲ್ಲಿ ಸೇಬು. ಹೊಕ್ಕೈಡೊವಿನಲ್ಲಿ ಆಲೂಗೆಡ್ಡೆ, ಬೀಟ್ ಸಕ್ಕರೆ ಗೆಡ್ಡೆ, ಹೈನುಗಾರಿಕೆ - ಎಲ್ಲವೂ ಒಂದೇ ದೇಶದಲ್ಲಿ ಕಂಡುಬರುತ್ತವೆ.

ರೈತನ ಪಂಚಾಂಗ

ಜೂನ್-ಜುಲೈ ತಿಂಗಳಲ್ಲಿ ಬರುವ ಜಡಿಮಳೆಗೆ ಅಲ್ಲಿನ ಜನ ‘ಪ್ಲಮ್ ಮಳೆ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಆ ಹಣ್ಣು ಮಾಗುವ ಕಾಲಕ್ಕೆ ಬರುವುದರಿಂದ ಆ ಹೆಸರು. ನಾವು ಮಾವಿನ ಹೊಯ್ಲು ಎನ್ನುವುದಿಲ್ಲವೆ, ಹಾಗೆ. ನಾಟಿಗೆ ಈ ಮಳೆಯೇ ಆಧಾರ. ಮಳೆ ತಡವಾಗಿ ಮುಗಿದರೆ ಬಿಸಿಲು ಸಾಲದೆ ಬೆಂಕಿರೋಗ ಹೆಚ್ಚುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಕುತೂಹಲಕರವಾದುದು. ಫೆಬ್ರುವರಿ 4ರ ಸುಮಾರಿಗೆ ಬರುವ ವಸಂತಾರಂಭದಿಂದ ಎಣಿಸಿ 210ನೆಯ ದಿನ ಎಚ್ಚರವಿರಬೇಕೆಂದು ಅಲ್ಲಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ಸೆಪ್ಟೆಂಬರ್ 1ರ ಹೊತ್ತಿಗೆ ಬೀಳುತ್ತದೆ. ನಮ್ಮಲ್ಲಿ ಹುಬ್ಬೆ ಮಳೆ ಹೂಡುವ ಕಾಲವೂ ಅದೇ. ಭತ್ತ ಹೂ ಬಿಡುವ ಸಮಯ ಮತ್ತು ‘ಟೈಫೂನ್’ ಚಂಡಮಾರುತ ಬರುವ ಸಮಯ ಎರಡೂ ಆಗ ಕೂಡುತ್ತವೆ. 1959ರ ಸೆಪ್ಟೆಂಬರ್ 26ರಂದು ಇಸೆ ಕೊಲ್ಲಿಗೆ ಬಡಿದ ಚಂಡಮಾರುತದಲ್ಲಿ 5,000ಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಯುದ್ಧಾನಂತರ ಬೇಗ ಬರುವ ತಳಿಗಳನ್ನು ಬೆಚ್ಚನೆಯ ಒಟ್ಟಲಿನಲ್ಲಿ ಬೇಗ ಬೆಳೆಸಿ, ಚಂಡಮಾರುತಕ್ಕೆ ಮುನ್ನ ಕೊಯ್ಲು ಮುಗಿಸುವ ಕ್ರಮವನ್ನು ದಕ್ಷಿಣದ ಜಿಲ್ಲೆಗಳು ರೂಢಿಸಿಕೊಂಡವು. ಗಾಳಿಯನ್ನು ತಡೆಯಲಾಗದು, ಬೆಳೆಯ ಕಾಲವನ್ನು ಸರಿಸಬಹುದು.

ಚಳಿ ಕೊಂದ ಬೆಳೆ

ಭತ್ತ ಮೂಲತಃ ಬಿಸಿನಾಡಿನ ಪೈರು. ಅದನ್ನು ಉತ್ತರಕ್ಕೆ ಒಯ್ದ ಕಥೆಯೇ ಜಪಾನಿನ ಬೇಸಾಯದ ಸಾಹಸ. ಹೊಕ್ಕೈಡೊದಲ್ಲಿ ಭತ್ತ ಆಗದು ಎಂದೇ ತಿಳಿದವರು ಹೇಳುತ್ತಿದ್ದ ಕಾಲದಲ್ಲಿ, 1873ರಲ್ಲಿ, ನಕಾಯಾಮ ಕ್ಯೂಝೊ ಎಂಬ ರೈತ ಅದನ್ನು ಬೆಳೆದು ತೋರಿಸಿದ. ಆತನ ಉಪಾಯ ಸರಳವಾದುದು. ಹೊಳೆಯ ತಣ್ಣೀರನ್ನು ನೇರವಾಗಿ ಗದ್ದೆಗೆ ಬಿಡದೆ, ಬಳಸು ಕಾಲುವೆಯಲ್ಲಿ ಸುತ್ತಾಡಿಸಿ ಬಿಸಿಲಿಗೆ ಕಾಯಿಸಿ ಬಿಡುತ್ತಿದ್ದ. ಒಟ್ಟಲಿಗೆ ಸ್ನಾನದ ಬಿಸಿನೀರನ್ನೂ ಹೊತ್ತು ಹಾಕಿದನೆಂದು ಹೇಳುತ್ತಾರೆ. ಮುಂದೆ 1940ರ ದಶಕದಲ್ಲಿ ನಗಾನೊ ಬೆಟ್ಟಸೀಮೆಯ ರೈತನೊಬ್ಬ ಎಣ್ಣೆ ಸವರಿದ ಕಾಗದವನ್ನು ಒಟ್ಟಲಿನ ಮೇಲೆ ಹೊದಿಸಿ ಸಸಿಗಳನ್ನು ಚಳಿಯಿಂದ ಕಾಪಾಡುವ ದಾರಿ ಕಂಡುಕೊಂಡ. ವಿಜ್ಞಾನಿಗಳು ಅದನ್ನು ತಿದ್ದಿ ಹರಡಿದರು. ಇಂದಿನ ಪ್ಲಾಸ್ಟಿಕ್ ಹೊದಿಕೆಯ ಒಟ್ಟಲಿಗೆ ಅದೇ ಹಿರಿಯಣ್ಣ.

ಆದರೂ ಪ್ರಕೃತಿ ಆಗಾಗ ಕೈಕೊಡುತ್ತದೆ. ಈಶಾನ್ಯ ಹೊನ್ಶುವಿಗೆ ಕೆಲವು ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಓಖೋಟ್ಸ್ಕ್ ಸಮುದ್ರದ ಕಡೆಯಿಂದ ‘ಯಾಮಾಸೆ’ ಎಂಬ ತಣ್ಣನೆಯ ಮಂಜುಗಾಳಿ ಬೀಸುತ್ತದೆ. ಪೈರು ಹೊಡೆಯಲ್ಲಿರುವಾಗ, ತೆನೆ ಹೊರಬೀಳುವ 10-15 ದಿನ ಮುಂಚೆ, ಪರಾಗ ರೂಪುಗೊಳ್ಳುತ್ತಿರುತ್ತದೆ. ಆಗ ಉಷ್ಣತೆ ಹಲವು ದಿನ 17-18 ಡಿಗ್ರಿ ಸೆಂ.ಗಿಂತ ಕೆಳಗಿಳಿದರೆ ಪರಾಗ ಬಂಜೆಯಾಗುತ್ತದೆ. ಪೈರು ಹಸಿರಾಗಿಯೇ ಇರುತ್ತದೆ, ತೆನೆಯೂ ಬರುತ್ತದೆ. ಹಿಡಿದು ನೋಡಿದರೆ ಎಲ್ಲ ಜೊಳ್ಳು. 1783ರಲ್ಲಿ ಅಸಾಮಾ ಜ್ವಾಲಾಮುಖಿ ಸ್ಫೋಟಿಸಿದ ಕಾಲದಲ್ಲಿ ಇಂತಹ ಶೀತ ಬೇಸಿಗೆಗಳು ಸಾಲಾಗಿ ಬಂದು ಭೀಕರ ಕ್ಷಾಮ ತಂದವು.

ಈ ಸೀಮೆಯ ಇವಾಟೆಯಲ್ಲಿ ಮಿಯಾಝಾವಾ ಕೆಂಜಿ ಎಂಬ ಕವಿಯಿದ್ದರು. ಅವರು ಕೃಷಿ ಪದವೀಧರರು, ಕೃಷಿ ಶಾಲೆಯ ಉಪಾಧ್ಯಾಯರು. 1926ರಲ್ಲಿ ಕೆಲಸ ಬಿಟ್ಟು, ಸುತ್ತಲಿನ ರೈತರ ಮಣ್ಣು ನೋಡಿ ಯಾರಿಗೆ ಎಷ್ಟು ಗೊಬ್ಬರ ಬೇಕೆಂದು ಹಣ ಪಡೆಯದೆ ಪಟ್ಟಿ ಬರೆದುಕೊಡುತ್ತಿದ್ದರು. ಬೇಸಿಗೆ ತಣ್ಣಗಾದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಕ್ಷೇತ್ರ ಪ್ರಚಾರದ ಕೆಲಸದಲ್ಲಿರುವ ನನ್ನಂತಹವರಿಗೆ ಅವರ ಜೀವನ ಇಂದಿಗೂ ಮೇಲ್ಪಂಕ್ತಿ.

ವಿಜ್ಞಾನ ಬೆಳೆದ ಮೇಲೂ ಈ ಕಷ್ಟ ತಪ್ಪಿದ್ದಲ್ಲ. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ಹರಡಿದ ಕಣಗಳಿಂದ ಭೂಮಿಯೇ ಕೊಂಚ ತಂಪಾಯಿತು. ಅದರೊಂದಿಗೆ ಯಾಮಾಸೆಯೂ ಸೇರಿತು. 1993ರಲ್ಲಿ ಇಡೀ ದೇಶದ ಭತ್ತದ ಬೆಳೆ ವಾಡಿಕೆಯ ಶೇಕಡ 74ಕ್ಕೆ ಇಳಿಯಿತು. ಅಓಮೊರಿ ಪ್ರಾಂತದಲ್ಲಿ ಶೇಕಡ 28ಕ್ಕೆ! ಸ್ವಂತ ಅಕ್ಕಿಯಲ್ಲದೆ ಬೇರೆಯದನ್ನು ಒಪ್ಪದ ಜಪಾನ್ ಸುಮಾರು 26 ಲಕ್ಷ ಟನ್ ಅಕ್ಕಿಯನ್ನು ಥಾಯ್ಲೆಂಡ್, ಚೀನಾ, ಅಮೆರಿಕ ಮುಂತಾದ ಕಡೆಗಳಿಂದ ತರಿಸಬೇಕಾಯಿತು.

ಆ ವರ್ಷ ಕೆಲವು ಗದ್ದೆಗಳು ಉಳಿದುಕೊಂಡವು. ಹೊಡೆಯ ಕಾಲದಲ್ಲಿ 15ರಿಂದ 20 ಸೆಂ.ಮೀ. ಆಳದ ನೀರು ನಿಲ್ಲಿಸಿದ್ದ ಗದ್ದೆಗಳಲ್ಲಿ ಹಾನಿ ಕಡಮೆಯಾಯಿತು. ಗಾಳಿಗಿಂತ ನೀರು ಬೆಚ್ಚಗಿರುತ್ತದೆ. ಎಳೆಯ ತೆನೆ ನೀರಿನೊಳಗೆ ಕಂಬಳಿ ಹೊದ್ದಂತೆ ಇರುತ್ತದೆ. ಚಳಿ ತಡೆಯುವ ‘ಹಿತೊಮೆಬೊರೆ’ಯಂತಹ ತಳಿಗಳು ಅನಂತರ ವೇಗವಾಗಿ ಹರಡಿದವು.

ಮೂವತ್ತು ವರ್ಷದ ನಂತರ ಬಿಸಿಲು

ಚಳಿಯ ಕಥೆ ಹೀಗಾದರೆ, ಸರಿಯಾಗಿ ಮೂವತ್ತು ವರ್ಷದ ಬಳಿಕ 2023ರಲ್ಲಿ ಬಂದದ್ದು ಸೆಕೆಯ ಹೊಡೆತ. ತೆನೆ ಬಂದ ಮೊದಲ 20 ದಿನಗಳಲ್ಲಿ ಸರಾಸರಿ ಉಷ್ಣತೆ 26-27 ಡಿಗ್ರಿ ಸೆಂ. ಮೀರಿದರೆ, ಅಲ್ಲಿನ ತಳಿಗಳ ಕಾಳಿನಲ್ಲಿ ಹಿಟ್ಟು ಸರಿಯಾಗಿ ತುಂಬದೆ ಅಕ್ಕಿ ಸುಣ್ಣದಂತೆ ಬೆಳ್ಳಗಾಗುತ್ತದೆ, ಗಿರಣಿಯಲ್ಲಿ ನುಚ್ಚಾಗುತ್ತದೆ. ನೀಗಾಟದ ಹೆಸರಾಂತ ‘ಕೊಶಿಹಿಕರಿ’ ಅಕ್ಕಿಯಲ್ಲಿ ಆ ವರ್ಷ ಮೊದಲ ದರ್ಜೆಗೆ ನಿಂತದ್ದು ಶೇಕಡ 5ರ ಆಸುಪಾಸು ಮಾತ್ರ. 2024ರ ಬೇಸಿಗೆಯಲ್ಲಿ ಅಂಗಡಿಗಳಲ್ಲಿ ಅಕ್ಕಿ ಸಿಕ್ಕದಾಯಿತು. 2025ರ ವಸಂತದಲ್ಲಿ 5 ಕಿಲೊ ಅಕ್ಕಿಯ ಬೆಲೆ 4,000 ಯೆನ್ ದಾಟಿ, ಹಿಂದಿನ ವರ್ಷದ ಎರಡರಷ್ಟಾಯಿತು. ಸರ್ಕಾರ ತನ್ನ ಆಪದ್ಧನದ ದಾಸ್ತಾನನ್ನು ಬಿಡುಗಡೆ ಮಾಡಿತು. 2025ರ ಆಗಸ್ಟ್ 5ರಂದು ಇಸೆಸಾಕಿ ಎಂಬಲ್ಲಿ 41.8 ಡಿಗ್ರಿ ಸೆಂ. ದಾಖಲಾಗಿ ಆ ದೇಶದ ಹಿಂದಿನ ದಾಖಲೆಗಳೆಲ್ಲ ಮುರಿದವು. ಚಳಿಗೆ ತಳಿ ಹುಡುಕಿದ ದೇಶ ಈಗ ‘ನಿಕೊಮಾರು’, ‘ಶಿನ್‌ನೊಸುಕೆ’ಯಂತಹ ಸೆಕೆ ತಾಳುವ ತಳಿಗಳತ್ತ ತಿರುಗಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರುಚಿಗೆಂದು, ಬೆಲೆಗೆಂದು ದೊಡ್ಡ ಪ್ರದೇಶದಲ್ಲಿ ಒಂದೇ ತಳಿಯನ್ನು ಬೆಳೆದರೆ, ಹವೆ ಒಮ್ಮೆ ತಪ್ಪಿದಾಗ ಎಲ್ಲರ ಕಣಜವೂ ಒಟ್ಟಿಗೆ ಬರಿದಾಗುತ್ತದೆ.

ಹೊಳೆ, ಬೆಟ್ಟ, ಕಾಡು

ಜಪಾನಿನ ಅತಿ ಉದ್ದದ ಹೊಳೆ ಶಿನಾನೊ. ಉದ್ದ 367 ಕಿ.ಮೀ. ನಮ್ಮ ಕಾವೇರಿಯ ಅರ್ಧಕ್ಕಿಂತ ಕಡಮೆ. ಎತ್ತರದ ಬೆಟ್ಟದಿಂದ ಗಿಡ್ಡ ದಾರಿಯಲ್ಲಿ ಕಡಲಿಗೆ ಧುಮುಕುವ ಇಂತಹ ಹೊಳೆಗಳಲ್ಲಿ ಮಳೆ ಬಂದಾಗ ಪ್ರವಾಹ, ನಿಂತಾಗ ಬರೀ ಕಲ್ಲು. ವರ್ಷಕ್ಕೆ ಸರಾಸರಿ 1,700 ಮಿ.ಮೀ. ಮಳೆ ಬೀಳುವ ನಾಡಿನಲ್ಲಿ ನೀರನ್ನು ಹಿಡಿದಿಡುವುದೇ ದೊಡ್ಡ ಕೆಲಸ.

ಹತ್ತೊಂಬತ್ತನೆಯ ಶತಮಾನದಲ್ಲಿ ಸೌದೆಗೆ, ಮರಕ್ಕೆ ಕಡಿದು ಎಷ್ಟೋ ಬೆಟ್ಟಗಳು ಬೋಳಾಗಿದ್ದವು. ಮಳೆಗೆ ಮಣ್ಣು ಜಾರಿ ಕೆಳಗಿನ ಗದ್ದೆಗಳಲ್ಲಿ ಮರಳು ತುಂಬುತ್ತಿತ್ತು. 1897ರಲ್ಲಿ ಅರಣ್ಯ ಕಾನೂನನ್ನೂ, ಬೆಟ್ಟದ ಮಣ್ಣು ಜಾರದಂತೆ ತಡೆಯುವ ‘ಸಾಬೊ’ ಕಾನೂನನ್ನೂ ತಂದರು. ಕೊರಕಲುಗಳಿಗೆ ಅಡ್ಡಗಟ್ಟೆ, ಇಳಿಜಾರಿಗೆ ಮೆಟ್ಟಿಲು, ಅದರ ಮೇಲೆ ಗಿಡ - ಈ ಕ್ರಮದಲ್ಲಿ ಕೋಬೆ ನಗರದ ಹಿಂದಿನ ರೊಕ್ಕೊ ಬೆಟ್ಟಕ್ಕೆ 1902ರಿಂದ ಹಸಿರು ಹೊದಿಸಿದರು. ಹಳ್ಳಿಯ ಬೆನ್ನಿಗಿರುವ ಗುಡ್ಡಗಾಡನ್ನು ಅಲ್ಲಿ ‘ಸಾತೊಯಾಮ’ ಎನ್ನುತ್ತಾರೆ. ಗದ್ದೆಗೆ ದರಗು, ಸೊಪ್ಪು, ಒಲೆಗೆ ಸೌದೆ ಅಲ್ಲಿಂದಲೇ ಬರುತ್ತಿತ್ತು. ಉತ್ತರ ಕನ್ನಡ, ಮಲೆನಾಡಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸೊಪ್ಪಿನ ಬೆಟ್ಟವೇ ಅದು.

ಆದರೆ ಎಲ್ಲವೂ ಸರಿಯಾಗಿ ನಡೆಯಿತೆಂದಲ್ಲ. ಯುದ್ಧದ ನಂತರ ಮರದ ಕೊರತೆ ನೀಗಲು ಬೆಟ್ಟಬೆಟ್ಟಗಳಲ್ಲಿ ‘ಸುಗಿ’ ಎಂಬ ಸೂಚಿಪರ್ಣ ಜಾತಿಯನ್ನೇ ಒತ್ತಾಗಿ ನೆಟ್ಟರು. ಇಂದು ಕಾಡಿನ ಶೇಕಡ 40ರಷ್ಟು ಇಂತಹ ನೆಡುತೋಪು. 1964ರಲ್ಲಿ ವಿದೇಶೀ ಮರದ ಆಮದು ಮುಕ್ತವಾಯಿತು. ಬರಬರುತ್ತ ನಾಡ ಮರಕ್ಕೆ ಬೆಲೆ ಉಳಿಯಲಿಲ್ಲ. ಸವರಿ ತೆಳುಮಾಡುವವರಿಲ್ಲದೆ ತೋಪಿನೊಳಗೆ ಬಿಸಿಲು ಬೀಳದಾಯಿತು; ಅಡಿಯಲ್ಲಿ ಹುಲ್ಲು, ಪೊದೆ ಬೆಳೆಯದೆ ಬರಿಮಣ್ಣು ಕೊಚ್ಚಿಹೋಗತೊಡಗಿತು. ಪರಾಗದ ಅಲರ್ಜಿಯೂ ದೇಶಕ್ಕೆಲ್ಲ ಅಂಟಿಕೊಂಡಿತು. ದೂರದಿಂದ ನೋಡಿದರೆ ಹಸಿರು. ಒಳಗೆ ಹೊಕ್ಕರೆ ಬರಿನೆಲ. ನೀಲಗಿರಿ, ಅಕೇಶಿಯ ತೋಪುಗಳನ್ನು ಕಂಡ ನಮ್ಮವರಿಗೆ ಈ ಮಾತು ಅರ್ಥವಾಗುತ್ತದೆ.

ಈ ತಪ್ಪನ್ನು ಮೊದಲು ಕಂಡುಕೊಂಡವರಲ್ಲಿ ಮೀನುಗಾರರೂ ಇದ್ದರೆಂಬುದು ಸ್ವಾರಸ್ಯಕರ. ಕೆಸೆನ್ನುಮ ಕೊಲ್ಲಿಯಲ್ಲಿ ಕಡಲಚಿಪ್ಪು ಸಾಕುವವರು, ತಮ್ಮ ಕೊಲ್ಲಿಗೆ ಇಳಿಯುವ ಹೊಳೆಯ ಮೇಲ್ಗಡೆ 1989ರಿಂದ ಅಗಲ ಎಲೆಯ ಮರಗಳನ್ನು ನೆಡುತ್ತ ಬಂದಿದ್ದಾರೆ. ಬೆಟ್ಟದ ದರಗು ಕೊಳೆತ ಸಾರವೇ ಕಡಲಿನ ಜೀವಿಗಳಿಗೂ ಆಹಾರವೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ನೀಗಾಟದ ಒಂದು ಹಳ್ಳಿಸೀಮೆಯಲ್ಲಿ 2002ರಲ್ಲಿ ಆರಂಭವಾದ ‘ಗದ್ದೆ ಅಣೆಕಟ್ಟು’ ಇನ್ನೊಂದು ಒಳ್ಳೆಯ ಉದಾಹರಣೆ. ಗದ್ದೆಯ ನೀರು ಹೊರಹೋಗುವ ಕಂಡಿಗೆ ಸಣ್ಣ ರಂಧ್ರದ ಹಲಗೆಯನ್ನು ಕೂರಿಸುತ್ತಾರೆ. ಜೋರು ಮಳೆಯಲ್ಲಿ ನೀರು ಒಮ್ಮೆಲೇ ಹಳ್ಳಕ್ಕೆ ನುಗ್ಗದೆ, ಗದ್ದೆಯಲ್ಲಿ ನಿಂತು ಮೆಲ್ಲಗೆ ಹರಿಯುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಹೆಕ್ಟೇರು ಗದ್ದೆಯಲ್ಲಿ 10 ಸೆಂ.ಮೀ. ನೀರು ನಿಂತರೆ 10 ಲಕ್ಷ ಲೀಟರು. ಗದ್ದೆ ಪಾಳುಬಿದ್ದರೆ ಅನ್ನ ಮಾತ್ರವಲ್ಲ, ಇಷ್ಟು ನೀರಿನ ತಡೆಯೂ ಹೋಯಿತೆಂದೇ ತಿಳಿಯಬೇಕು.

ಖಾಲಿಯಾಗುತ್ತಿರುವ ಗುಡ್ಡದ ಹಳ್ಳಿಗಳು

ದುರದೃಷ್ಟವಶಾತ್ ಗದ್ದೆಗಳು ಪಾಳುಬೀಳುತ್ತಿವೆ. ಬೇಸಾಯವನ್ನೇ ಮುಖ್ಯವಾಗಿ ನಂಬಿದ ಜಪಾನಿನ ರೈತರ ಸರಾಸರಿ ವಯಸ್ಸು 2024ರಲ್ಲಿ 69ರ ಆಸುಪಾಸಿನಲ್ಲಿತ್ತು. ಮಕ್ಕಳು ನಗರ ಸೇರಿದ್ದಾರೆ. ಬೆಟ್ಟದ ಮೆಟ್ಟಿಲು ಗದ್ದೆಗಳಿಗೆ ದೊಡ್ಡ ಯಂತ್ರ ಹೋಗುವುದಿಲ್ಲ. ಹಂದಿ, ಜಿಂಕೆ, ಕೋತಿಗಳು ಊರಂಚಿಗೆ ಬಂದಿವೆ. ನೋತೊ ಪರ್ಯಾಯ ದ್ವೀಪದ ಶಿರೊಯೊನೆ ಎಂಬಲ್ಲಿ ಕಡಲಿನವರೆಗೆ ಇಳಿಯುವ 1,004 ಪುಟ್ಟ ಗದ್ದೆಗಳಿವೆ. 2024ರ ಜನವರಿ 1ರ ಭೂಕಂಪದಲ್ಲಿ ಅವು ಬಿರುಕುಬಿಟ್ಟವು. ಮನೆ ಕಳೆದುಕೊಂಡ ರೈತರು ಆ ವರ್ಷವೇ ಮರಳಿ ಬಂದು ಸುಮಾರು 120 ಗದ್ದೆಗಳನ್ನು ಸರಿಪಡಿಸಿ ನಾಟಿ ಮಾಡಿದರು. ಸಾವಿರದಲ್ಲಿ ನೂರಿಪ್ಪತ್ತು ಎಂಬುದು ಸಣ್ಣ ಲೆಕ್ಕ. ಆದರೆ ಒಮ್ಮೆ ಬದು ಕುಸಿದು ನೀರು ದಾರಿ ಮಾಡಿಕೊಂಡರೆ ಮೆಟ್ಟಿಲು ಗದ್ದೆಯನ್ನು ಮತ್ತೆ ಕಟ್ಟುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. ಇಂದು ಆ ದೇಶ ತನ್ನ ಆಹಾರದ ಶೇಕಡ 38ರಷ್ಟನ್ನು ಮಾತ್ರ, ಕ್ಯಾಲೊರಿ ಲೆಕ್ಕದಲ್ಲಿ, ತಾನೇ ಬೆಳೆದುಕೊಳ್ಳುತ್ತದೆ.

ಮತ್ತೆ ‘ಜಪಾನ್ ಪದ್ಧತಿ’

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಲ್ಲಿ ಭತ್ತಕ್ಕೆ ಬೇಸಿಗೆಯ ದೀರ್ಘವಾದ ಹಗಲು, ಕಾಳು ತುಂಬುವಾಗ ತಂಪಾದ ರಾತ್ರಿ ಸಿಗುತ್ತಿತ್ತು. ಹಗಲು ತಯಾರಾದ ಪಿಷ್ಟ ರಾತ್ರಿಯ ಉಸಿರಾಟದಲ್ಲಿ ಹೆಚ್ಚು ವ್ಯಯವಾಗದೆ ಕಾಳಿಗೆ ಸೇರುತ್ತಿತ್ತು. ಅಲ್ಲಿನ ತಳಿಗಳು ಗಿಡ್ಡ, ದಂಟು ಗಟ್ಟಿ; ಗೊಬ್ಬರ ಕೊಟ್ಟಷ್ಟೂ ತೆನೆಗೆ ಹೋಗುತ್ತಿತ್ತು. ನಮ್ಮಲ್ಲಿ ಮುಂಗಾರು ಎಂದರೆ ಮೋಡ. ಆಗಿನ ನಾಡತಳಿಗಳು ಎತ್ತರದವು. ಅದೇ ಗೊಬ್ಬರ ಇಲ್ಲಿ ಹುಲ್ಲಾಯಿತು, ಪೈರು ಮಲಗಿತು. ಪದ್ಧತಿಯಲ್ಲಿ ದೋಷವಿರಲಿಲ್ಲ, ಅದಕ್ಕೆ ತಕ್ಕ ತಳಿ ನಮ್ಮಲ್ಲಿ ಇರಲಿಲ್ಲ. ಮುಂದೆ ತೈವಾನಿನ ಗಿಡ್ಡ ಗುಣ ಹೊತ್ತ ಐ.ಆರ್. 8, ಜಯಾದಂತಹ ತಳಿಗಳು 1960ರ ದಶಕದ ಕೊನೆಗೆ ಬಂದಾಗ ಅದೇ ಸಾಲು ನಾಟಿ, ಅದೇ ಗೊಬ್ಬರ ಫಲ ಕೊಟ್ಟವು.

ಗೋಧಿಯಲ್ಲಿಯೂ ಹಾಗೆಯೇ. ಇವಾಟೆಯ ಸಂಶೋಧನಾ ಕೇಂದ್ರದಲ್ಲಿ ಇನಾಝುಕ ಗೊಂಜಿರೊ ಎಂಬ ವಿಜ್ಞಾನಿ 1935ರಲ್ಲಿ ಬಿಡುಗಡೆ ಮಾಡಿದ ‘ನೊರಿನ್ 10’ ಎಂಬ ಗಿಡ್ಡ ಗೋಧಿ 1946ರಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿಂದ ಮೆಕ್ಸಿಕೊದಲ್ಲಿ ಡಾ. ನಾರ್ಮನ್ ಬೋರ್ಲಾಗ್ ಅವರ ಕೈಸೇರಿ, 1963ರಲ್ಲಿ ಅದರ ಸಂತತಿ ಭಾರತಕ್ಕೆ ಬಂತು. ನಮ್ಮ ಹಸಿರು ಕ್ರಾಂತಿಯ ಬೇರು ಆ ಶೀತಸೀಮೆಯ ಮಣ್ಣಿನಲ್ಲಿದೆ.

ನಾವು ಮಾಡಬಹುದಾದುದು

1. ಬಿತ್ತನೆ ಭತ್ತವನ್ನು ಉಪ್ಪುನೀರಿನಲ್ಲಿ ಆರಿಸಿ. ಇದು 1882ರಲ್ಲಿ ಯೊಕೊಯಿ ಎಂಬ ಜಪಾನೀ ಕೃಷಿತಜ್ಞರು ರೂಪಿಸಿದ ಕ್ರಮ. ಬಕೆಟ್ಟಿನ ನೀರಿಗೆ ಉಪ್ಪು ಬೆರೆಸುತ್ತ ಹೋಗಿ, ಹಸಿ ಕೋಳಿಮೊಟ್ಟೆ ತೇಲಿ ಅದರ ಸ್ವಲ್ಪ ಭಾಗ ಮೇಲೆ ಕಂಡಾಗ ನಿಲ್ಲಿಸಿ. ತೇಲಿದ ಭತ್ತವನ್ನು ತೆಗೆದುಹಾಕಿ, ಮುಳುಗಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು ಉಪಯೋಗಿಸಿ.

2. ಬೇಸಿಗೆ ಭತ್ತದ ಒಟ್ಟಲು ಡಿಸೆಂಬರ್-ಜನವರಿಯ ಚಳಿಗೆ ಸಿಕ್ಕಿ ಹಳದಿಯಾದರೆ, ಸಂಜೆ ನೀರು ನಿಲ್ಲಿಸಿ ಬೆಳಗ್ಗೆ ಬಸಿಯಿರಿ. ಮಲೆನಾಡಿನಲ್ಲಿ ಒರತೆಯ ತಣ್ಣೀರು ನೇರ ಬೀಳುವ ಮೇಲಿನ ಗದ್ದೆಗೆ ಬಳಸು ಕಾಲುವೆ ತೆಗೆದು ನೀರನ್ನು ಸುತ್ತಿಸಿ ಬಿಡಿ.

3. ಮುಂಗಾರಿನ ನಾಟಿಯನ್ನು ತಡಮಾಡಬೇಡಿ. ತಡವಾದ ಪೈರು ನವೆಂಬರ್-ಡಿಸೆಂಬರಿನ ಚಳಿಯಲ್ಲಿ ಹೊಡೆಗೆ ಬಂದರೆ ಜೊಳ್ಳು ಹೆಚ್ಚುತ್ತದೆ. ಹಾಗೆ ತಡವಾದಲ್ಲಿ ಹೊಡೆಯ ಕಾಲದಲ್ಲಿ ಗದ್ದೆ ಬಿಡದೆ ನೀರು ನಿಲ್ಲಿಸಿ.

4. ಹುಳಿ ಮಣ್ಣಿಗೆ ಮಣ್ಣು ಪರೀಕ್ಷೆಯಂತೆ ಸುಣ್ಣ ಕೊಟ್ಟ ಮೇಲೆಯೇ ರಂಜಕ ಕೊಡಿ. ಅದನ್ನು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಬೇರಿನ ಬಳಿ ಹಾಕಿದರೆ ಹೆಚ್ಚು ದಕ್ಕುತ್ತದೆ.

5. ಇರುವ ಭೂಮಿಗೆಲ್ಲ ಒಂದೇ ತಳಿ ಹಾಕದೆ, ಬೇರೆ ಬೇರೆ ಅವಧಿಯ ಎರಡು ತಳಿಗಳನ್ನಾದರೂ ಬೆಳೆಯಿರಿ.

6. ಇಳಿಜಾರಿನಲ್ಲಿ ಮಣ್ಣು ಕಡಿದು ಸಮತಟ್ಟು ಮಾಡುವ ಮುನ್ನ ನೀರಿನ ದಾರಿ ನೋಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಮರೆಯಬಾರದು. ಹಳ್ಳದ ದಂಡೆ, ಗುಡ್ಡದ ನೆತ್ತಿಯಲ್ಲಿ ಹಲವು ಜಾತಿಯ ನಾಡಮರಗಳನ್ನು ಉಳಿಸಿ. ಬೈಲುಗದ್ದೆಯ ಬದುವನ್ನು, ಉಳುಮೆ ಇಲ್ಲದ ವರ್ಷದಲ್ಲಿಯೂ, ಕುಸಿಯಲು ಬಿಡಬೇಡಿ.

ಹೊರದೇಶದ ಬೇಸಾಯವನ್ನು ಓದುವುದು ಅದನ್ನು ಹಾಗೆಯೇ ನಕಲು ಮಾಡಲಿಕ್ಕಲ್ಲ. ನಕಾಯಾಮ ಕ್ಯೂಝೊ ತನ್ನ ಹೊಳೆಯ ನೀರು ಎಷ್ಟು ತಣ್ಣಗಿದೆಯೆಂದು ಮೊದಲು ಕೈಯಿಟ್ಟು ತಿಳಿದಿರಬೇಕು. ಆಮೇಲೆ ಕಾಲುವೆ ತೋಡಿದ. ನಮ್ಮ ಗದ್ದೆಗೆ ಯಾವ ಪದ್ಧತಿಯನ್ನು ತರುವ ಮೊದಲೂ ನಮ್ಮ ನೀರು, ನಮ್ಮ ಮಣ್ಣು, ನಮ್ಮ ಮಳೆಯನ್ನು ಅಷ್ಟೇ ಶ್ರದ್ಧೆಯಿಂದ ತಿಳಿಯುವುದು ರೈತ ಬಾಂಧವರಿಗೂ, ಅವರಿಗೆ ಸಲಹೆ ಕೊಡುವ ನಮ್ಮಂತಹವರಿಗೂ ಒಳ್ಳೆಯದು.